ದೂರ ಹೊರಡುವ ಹಳೆಯ ಕಾರು: ಓದುಗರ ಪ್ರಶ್ನೆಗಳು, ನಮ್ಮ ಉತ್ತರಗಳು

ಬೇಸಿಗೆ ರಜೆ ಹತ್ತಿರವಾಗುತ್ತಿದ್ದಂತೆ ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಸೆಕೆಂಡ್ ಹ್ಯಾಂಡ್ ಕಾರುಗಳದ್ದೇ ಮಾತು. ಅವುಗಳಲ್ಲಿ ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: 2012ರ ಸ್ಯಾಂಟ್ರೋ ಜಿಂಗ್ ಪೆಟ್ರೋಲ್ ಕಾರನ್ನು ಇತ್ತೀಚೆಗೆ ಕೊಂಡಿದ್ದೇನೆ. ಮೀಟರ್ 62,000 ಕಿ.ಮೀ. ತೋರಿಸುತ್ತದೆ, ಹಳೆಯ ಸರ್ವಿಸ್ ದಾಖಲೆಗಳಿಲ್ಲ. ಮೇ ತಿಂಗಳಲ್ಲಿ ತಂದೆ ತಾಯಿಯವರನ್ನು ಕರೆದುಕೊಂಡು ಚಾರ್ಮಾಡಿ ಘಾಟಿಯ ಮೂಲಕ ಧರ್ಮಸ್ಥಳಕ್ಕೆ ಹೋಗಬೇಕೆಂದಿದ್ದೇನೆ. ಎಂಜಿನ್ ಬಿಚ್ಚಿ ಪೂರ್ತಿ ಹೊಸದು ಮಾಡಿಸಿಬಿಡಿ ಎಂದು ಮಿಸ್ತ್ರಿ ಹೇಳುತ್ತಿದ್ದಾರೆ. ಮಾಡಿಸಬೇಕೆ? (ನವನಗರ, ಬಾಗಲಕೋಟೆ)

ಉತ್ತರ: ಕಾರಣ ತೋರಿಸದೆ ಎಂಜಿನ್ ಬಿಚ್ಚಲು ಬಿಡಬೇಡಿ. ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತಿದ್ದರೆ, ಸಾವಿರ ಕಿ.ಮೀ. ಓಡುವಷ್ಟರಲ್ಲಿ ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಎದ್ದು ಕಾಣುವಷ್ಟು ಇಳಿಯುತ್ತಿದ್ದರೆ ಅಥವಾ ಏರಿನಲ್ಲಿ ಗಾಡಿ ಎಳೆಯದಿದ್ದರೆ ಮೊದಲು ಸಿಲಿಂಡರುಗಳ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಸ್ಪಾರ್ಕ್ ಪ್ಲಗ್ ತೆಗೆದು ಆ ರಂಧ್ರಕ್ಕೆ ಗೇಜ್ ಜೋಡಿಸಿ ನೋಡುವ ಈ ಕೆಲಸಕ್ಕೆ ಹೆಚ್ಚು ಹೊತ್ತೂ ಬೇಡ, ಹೆಚ್ಚು ಹಣವೂ ಬೇಡ. ನಾಲ್ಕೂ ಸಿಲಿಂಡರುಗಳ ಒತ್ತಡ ಹೆಚ್ಚುಕಡಿಮೆ ಒಂದೇ ಇದ್ದು, ತಯಾರಕರು ಹೇಳಿದ ಮಿತಿಯೊಳಗಿದ್ದರೆ ಎಂಜಿನ್ನಿಗೆ ಕೈಹಚ್ಚುವ ಅಗತ್ಯವಿಲ್ಲ.

ಆ ಹಣದಲ್ಲಿ ಸ್ವಲ್ಪ ಭಾಗವನ್ನು ಟೈಮಿಂಗ್ ಬೆಲ್ಟಿಗೆ ಖರ್ಚು ಮಾಡಿ. ನಿಮ್ಮ ಕಾರಿನ 1.1 ಲೀಟರ್ ಎಂಜಿನ್ನಿನಲ್ಲಿ, ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟಿನಿಂದ ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟನ್ನು ತಿರುಗಿಸುವುದು ಚೈನ್ ಅಲ್ಲ, ಹಲ್ಲುಗಳಿರುವ ರಬ್ಬರ್ ಬೆಲ್ಟ್. ಸಾಮಾನ್ಯವಾಗಿ ಅದು ಸದ್ದುಗದ್ದಲವಿಲ್ಲದೆ ಒಮ್ಮೆಲೇ ಹರಿಯುತ್ತದೆ. ಹರಿದ ಕ್ಷಣವೇ ಎಂಜಿನ್ ನಿಲ್ಲುತ್ತದೆ, ಎಷ್ಟೋ ಎಂಜಿನ್ನುಗಳಲ್ಲಿ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ. ರಬ್ಬರ್ ಓಡಿದ ದೂರದಿಂದ ಮಾತ್ರವಲ್ಲ, ವಯಸ್ಸಿನಿಂದಲೂ ಕೆಡುವುದರಿಂದ ಮೀಟರಿನ ಅಂಕಿಯನ್ನು ನೋಡಿ ಸಮಾಧಾನ ಪಡಬೇಡಿ. ಆ ಅಂಕಿಯನ್ನು ಯಾರೋ ಹಿಂದಕ್ಕೆ ತಿರುಗಿಸಿರಲೂಬಹುದು. ಬ್ರೇಕ್ ಪೆಡಲಿನ ರಬ್ಬರ್ ಸವೆದು ನುಣುಪಾಗಿದ್ದು, ಸ್ಟಿಯರಿಂಗ್ ಹೊಳೆಯುವಷ್ಟು ತಿಕ್ಕಿಹೋಗಿದ್ದರೆ 62,000 ಎಂಬುದನ್ನು ನಾನಂತೂ ನಂಬುವುದಿಲ್ಲ. ಬೆಲ್ಟ್ ಬದಲಿಸಿದ ಬಿಲ್ ಕೈಯಲ್ಲಿಲ್ಲವೆಂದರೆ ಬದಲಿಸಿಲ್ಲವೆಂದೇ ಲೆಕ್ಕ ಹಿಡಿದು, ಅದನ್ನು ಬಿಗಿಯಾಗಿಡುವ ಟೆನ್ಷನರ್ ಬೇರಿಂಗನ್ನೂ ಸೇರಿಸಿ ಹೊಸದು ಹಾಕಿಸಿ.

ಎರಡನೆಯದು ಬ್ರೇಕ್. ನಮ್ಮ ಬಯಲುಸೀಮೆಯ ನೇರ ರಸ್ತೆಗಳಲ್ಲಿ ಬ್ರೇಕಿನ ದೋಷ ವರ್ಷಗಟ್ಟಲೆ ಗೊತ್ತಾಗದೆ ಉಳಿಯಬಹುದು, ಆದರೆ ಕೊಟ್ಟಿಗೆಹಾರದಿಂದ ಉಜಿರೆಯ ಕಡೆಗೆ ಇಳಿಯುವ ತಿರುವುಗಳಲ್ಲಿ ಅದು ಉಳಿಯುವುದಿಲ್ಲ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ಮಾನದಂಡವಿದ್ದರೆ, ತೇವ ಸೇರಿದ ಆಯಿಲಿಗೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಇಳಿಜಾರಿನಲ್ಲಿ ಸತತವಾಗಿ ಬ್ರೇಕ್ ಒತ್ತಿದಾಗ ಹಳೆಯ ಆಯಿಲ್ ಕುದಿದು ಗುಳ್ಳೆಗಳಾಗುತ್ತದೆ. ಪೆಡಲ್ ಮೆತ್ತಗಾಗಿ ನೆಲದವರೆಗೆ ಇಳಿದರೂ ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ ಈ ಆಯಿಲನ್ನು ಡಬ್ಬಿಯಲ್ಲಿ ಕಡಿಮೆಯಾದಷ್ಟು ತುಂಬಿ ಮುಗಿಸುವವರೇ ಹೆಚ್ಚು. ಪೂರ್ತಿ ಹೊರತೆಗೆಸಿ ಹೊಸದು ಹಾಕಿಸಿ, ಹಿಂದಿನ ಡ್ರಮ್ಮುಗಳನ್ನು ಬಿಚ್ಚಿಸಿ ಒಳಗೆ ಬ್ರೇಕನ್ನು ಒತ್ತುವ ವೀಲ್ ಸಿಲಿಂಡರ್ ಸೋರುತ್ತಿಲ್ಲವೆಂದು ಕಣ್ಣಾರೆ ನೋಡಿ, ಚಕ್ರಗಳ ಬಳಿಯ ರಬ್ಬರ್ ಹೋಸುಗಳನ್ನು ಬಾಗಿಸಿ ಬಿರುಕು ಹುಡುಕಿ. ಘಾಟಿ ಇಳಿಯುವಾಗ ಎರಡನೇ ಗೇರಿನಲ್ಲಿಯೇ ಇರಿ.

ಇವೆಲ್ಲವನ್ನೂ ಹೊರಡುವುದಕ್ಕೆ ಮೂರು ವಾರಗಳ ಮೊದಲೇ ಮುಗಿಸಬೇಕು ಎಂಬುದು ನನ್ನ ಮುಖ್ಯ ಸಲಹೆ. ಹೊಸದಾಗಿ ಕೂಡಿಸಿದ ಭಾಗದ ದೋಷ ಮೊದಲ ನೂರಿನ್ನೂರು ಕಿ.ಮೀ. ಓಟದಲ್ಲಿ ಹೊರಬೀಳುವುದೇ ಹೆಚ್ಚು, ಆ ಓಟ ಊರಿನ ಸುತ್ತಮುತ್ತಲೇ ಆಗಲಿ. ಒಂದು ಭಾನುವಾರ ಮಧ್ಯಾಹ್ನದ ಬಿಸಿಲಿನಲ್ಲಿ, ಪ್ರವಾಸದಲ್ಲಿ ಇರುವಷ್ಟೇ ಜನರನ್ನು ಕೂರಿಸಿಕೊಂಡು, ಎ.ಸಿ. ಹಾಕಿ ಬಾದಾಮಿಗೆ ಹೋಗಿಬನ್ನಿ. ಮರುದಿನ ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಆಯಿಲ್, ಕೂಲಂಟ್ ಮತ್ತು ಬ್ರೇಕ್ ಆಯಿಲ್ ಮಟ್ಟಗಳನ್ನು ನೋಡಿ, ಕಾರಿನ ಕೆಳಗೆ ಹಾಸಿದ ರಟ್ಟಿನ ಮೇಲೆ ಹನಿ ಬಿದ್ದಿದೆಯೇ ಎಂದು ಪರೀಕ್ಷಿಸಿ.

ಪ್ರಶ್ನೆ: ಹೊಸಪೇಟೆಗೆ ಹೊರಡುವ ಹಿಂದಿನ ಸಂಜೆಯಷ್ಟೇ ಗ್ಯಾರೇಜಿನಲ್ಲಿ ಹಳೆಯ ನೀರು ತೆಗೆದು ಕೂಲಂಟ್ ಹಾಕಿಸಿದ್ದೆವು. ಮರುದಿನ ಹುನಗುಂದ ದಾಟುವ ಮುನ್ನವೇ ಕಾರು ಬಿಸಿಯಾಗಿ ಹೊಗೆಯಾಡಿತು. ಬಾಟಲಿ ನೀರು ಹಾಕುತ್ತಾ ಹೇಗೋ ಮನೆಗೆ ಮರಳಿದೆವು. ಈಗ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ ಬರುತ್ತದೆ. ಏನಾಗಿರಬಹುದು? (ವಿಜಯಪುರ)

ಉತ್ತರ: ಕೂಲಂಟ್ ಬದಲಿಸಿದ ಮೇಲೆ ಒಳಗೆ ಉಳಿದ ಗಾಳಿಯನ್ನು ಹೊರಹಾಕದಿದ್ದರೆ ಹೀಗಾಗುತ್ತದೆ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಎಂಜಿನ್ನನ್ನು ಫ್ಯಾನ್ ತಾನಾಗಿ ಸುತ್ತುವವರೆಗೆ ನಿಂತಲ್ಲೇ ಓಡಿಸಿ, ತಣಿದ ಮೇಲೆ ಮತ್ತೆ ಮಟ್ಟ ತುಂಬಬೇಕು. ಅವಸರದ ಸಂಜೆಯಲ್ಲಿ ಈ ಒಂದು ಗಂಟೆಯ ಕೆಲಸ ಬಿಟ್ಟುಹೋಗುವುದು ಸಹಜ. ಹೋಸಿನ ಕ್ಲ್ಯಾಂಪ್ ಸಡಿಲವಾಗಿರುವುದು ಇನ್ನೊಂದು ಸಾಧ್ಯತೆ. ಬಿಳಿ ಹೊಗೆ ಎಂಜಿನ್ ಬಿಸಿಯಾದ ಮೇಲೂ ನಿಲ್ಲದೆ, ಕೂಲಂಟ್ ದಿನದಿನಕ್ಕೆ ಇಳಿಯುತ್ತಿದ್ದರೆ ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಸೀಲಾದ ಹೆಡ್ ಗ್ಯಾಸ್ಕೆಟ್ ಸುಟ್ಟಿದೆ ಎಂದೇ ಅನುಮಾನಿಸಬೇಕು. ಆಯಿಲ್ ಮುಚ್ಚಳದ ಒಳಗೆ ಕೆನೆಯಂಥ ಬಿಳಿ ಪದಾರ್ಥ ಕಂಡರೆ ಅನುಮಾನ ಬಲವಾಗುತ್ತದೆ. ಗ್ಯಾಸ್ಕೆಟ್ ಬದಲಿಸುವಾಗ ಅಲ್ಯೂಮಿನಿಯಂ ಹೆಡ್ಡನ್ನು ಲೇಥ್ ಅಂಗಡಿಯಲ್ಲಿ ಸಮತಟ್ಟು ನೋಡಿಸದೆ ಮತ್ತೆ ಕೂಡಿಸಲು ಬಿಡಬೇಡಿ, ಏಕೆಂದರೆ ಅತಿಯಾದ ಶಾಖಕ್ಕೆ ಅದು ಬಾಗಿರಬಹುದು.

ನಿಮ್ಮ ಕಾರಿನಲ್ಲಿ ಮೊದಲು ಇದ್ದುದು ಬರೀ ನೀರು ಎಂದು ಬರೆದಿದ್ದೀರಿ. ಈ ಭಾಗದ ಬೋರ್‌ವೆಲ್ ನೀರು ಗಡಸು. ನಮ್ಮ ಚಹಾ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಕೂಲಂಟಿಗೆ ಬೆರೆಸಲು ಡಿಸ್ಟಿಲ್ಡ್ ವಾಟರನ್ನೇ ಬಳಸಬೇಕು. ರೇಡಿಯೇಟರ್ ಮುಚ್ಚಳವನ್ನೂ ಬದಲಿಸಿ: ಅದು ಒಳಗಿನ ಒತ್ತಡವನ್ನು ಹಿಡಿದಿಡುವುದರಿಂದಲೇ 100 ಡಿಗ್ರಿಗೆ ಕುದಿಯಬೇಕಾದ ನೀರು ಸುಮಾರು 120 ಡಿಗ್ರಿಯವರೆಗೆ ತಡೆಯುತ್ತದೆ, ಅದರ ರಬ್ಬರ್ ಸತ್ತರೆ ಆ ಲಾಭವೆಲ್ಲ ಹೋಗುತ್ತದೆ. ಬಿಸಿಲು ನಾಡೆಂದು ಎಂಜಿನ್ ಬಿಸಿಯಾಗುವವರೆಗೆ ಕೂಲಂಟನ್ನು ರೇಡಿಯೇಟರಿಗೆ ಬಿಡದ ಥರ್ಮೋಸ್ಟಾಟ್ ಕಿತ್ತೆಸೆಯುವ ಪದ್ಧತಿ ನಮ್ಮಲ್ಲಿದೆ. ಅದು ತಪ್ಪು, ಎಂಜಿನ್ ತನಗೆ ಬೇಕಾದ ಶಾಖಕ್ಕೆ ಬರದೆ ಇಂಧನ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ.

ಮುಂದೆ ಯಾವಾಗಲಾದರೂ ಶಾಖದ ಮುಳ್ಳು ಏರತೊಡಗಿದರೆ ಎ.ಸಿ. ಬಂದ್ ಮಾಡಿ, ಹೀಟರ್ ಪೂರ್ತಿ ಹಾಕಿ, ಮೊದಲು ಸಿಕ್ಕ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಎಂಜಿನ್ ಆರಿಸಿ. ಎಂಜಿನ್ ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆರೆಯಬಾರದು, ತಣ್ಣೀರು ಸುರಿಯಬಾರದು. ನೀರು ಹಾಕುತ್ತಾ ಮನೆ ಮುಟ್ಟುವುದಕ್ಕಿಂತ ಟೋಯಿಂಗ್ ಬಾಡಿಗೆ ಬಹಳ ಅಗ್ಗ.

ಪ್ರಶ್ನೆ: ಸೊಲ್ಲಾಪುರದಲ್ಲಿ 2013ರ ಸ್ವಿಫ್ಟ್ ಡೀಸೆಲ್ ಕೊಂಡೆ. ನಂಬರ್ ಇನ್ನೂ ಎಂ.ಎಚ್. 13. ತಿರುಪತಿಗೆ ಹೋಗುವ ಮುನ್ನ ಯಾವ ಕಾಗದಪತ್ರ ಸರಿಪಡಿಸಬೇಕು? ಇದಕ್ಕೂ ಟೈಮಿಂಗ್ ಬೆಲ್ಟ್ ಬದಲಿಸಬೇಕೆ? (ಇಂಡಿ)

ಉತ್ತರ: ಬೆಲ್ಟಿನ ಚಿಂತೆ ಬೇಡ, ಆ 1.3 ಲೀಟರ್ ಎಂಜಿನ್ನಿನಲ್ಲಿರುವುದು ಚೈನ್. ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಕೆಲವು ಸೆಕೆಂಡ್ ಗಡಗಡ ಸದ್ದು ಬಂದರೆ ಮಾತ್ರ ಚೈನ್ ಮತ್ತು ಟೆನ್ಷನರ್ ತೋರಿಸಿ. ಡೀಸೆಲ್ ಫಿಲ್ಟರ್ ಹೊಸದು ಹಾಕಿಸಿ, ಎರೆ ಮಣ್ಣಿನ ಧೂಳಿಗೆ ಏರ್ ಫಿಲ್ಟರೂ ಬೇಗ ಕಟ್ಟಿಕೊಳ್ಳುತ್ತದೆ.

ಕಾಗದಪತ್ರಗಳ ವಿಷಯ ಹೆಚ್ಚು ಗಂಭೀರ. ಮಾಲೀಕತ್ವ ಬದಲಾದಾಗ ವಿಮೆಯನ್ನೂ ನಿಮ್ಮ ಹೆಸರಿಗೆ ಮಾಡಿಸಲು 14 ದಿನಗಳೊಳಗೆ ಕಂಪನಿಗೆ ಅರ್ಜಿ ಕೊಡಬೇಕು. ಹಳೆಯ ಮಾಲೀಕರ ಹೆಸರಿನಲ್ಲೇ ಉಳಿದ ಪಾಲಿಸಿಯಲ್ಲಿ ನಿಮ್ಮ ಕಾರಿನ ಹಾನಿಗೆ ಪರಿಹಾರ ಸಿಗುವುದು ಕಷ್ಟ. ಬೇರೆ ರಾಜ್ಯದ ವಾಹನವನ್ನು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಹೊಸ ನೋಂದಣಿ ಸಂಖ್ಯೆ ಪಡೆಯಬೇಕೆಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಅದಕ್ಕೆ ಸೊಲ್ಲಾಪುರದ ಆರ್‌.ಟಿ.ಒ. ಕಚೇರಿಯಿಂದ ಫಾರಂ 28ರ ನಿರಾಕ್ಷೇಪಣಾ ಪತ್ರ ತಂದು, ಇಲ್ಲಿಯ ತೆರಿಗೆ ಕಟ್ಟಿದರೆ ಕೆ.ಎ. 28 ಸಂಖ್ಯೆ ಸಿಗುತ್ತದೆ. ಆರ್‌.ಸಿ.ಯಲ್ಲಿ ಬ್ಯಾಂಕಿನ ಸಾಲ ಇನ್ನೂ ನಮೂದಾಗಿದ್ದರೆ ಮೊದಲು ಅದನ್ನು ಫಾರಂ 35ರಿಂದ ತೆಗೆಸಬೇಕು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ ಎಂಬುದನ್ನೂ ಲೆಕ್ಕದಲ್ಲಿಡಿ.

ಪ್ರಶ್ನೆ: ನಮ್ಮ ಆಲ್ಟೋ ಹೆಚ್ಚು ಓಡಿಲ್ಲ, ಟೈರುಗಳ ಗೀರುಗಳು ಇನ್ನೂ ಆಳವಾಗಿವೆ. ಪುಣೆಗೆ ಹೋಗಲು ಇವೇ ಸಾಕೆ? ಬೇಸಿಗೆಯಲ್ಲಿ ಗಾಳಿ ಕಡಿಮೆ ತುಂಬಬೇಕೆಂಬುದು ನಿಜವೆ? (ಟಿಳಕವಾಡಿ, ಬೆಳಗಾವಿ)

ಉತ್ತರ: ಗೀರು 1.6 ಮಿ.ಮೀ.ಗಿಂತ ಆಳವಿರಬೇಕೆಂಬುದು ಅರ್ಧ ಮಾತು, ಉಳಿದರ್ಧ ವಯಸ್ಸು. ಟೈರಿನ ಪಕ್ಕದ ಗೋಡೆಯಲ್ಲಿ ಡಾಟ್ (DOT) ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳನ್ನು ಓದಿ. 2317 ಎಂದಿದ್ದರೆ ಆ ಟೈರು 2017ರ 23ನೇ ವಾರದಲ್ಲಿ ತಯಾರಾದುದು. ಐದು ವರ್ಷ ದಾಟಿದ ಟೈರನ್ನು ಪ್ರತಿವರ್ಷ ಪರೀಕ್ಷಿಸಬೇಕು, ಹತ್ತು ವರ್ಷದ್ದನ್ನು ಗೀರು ಎಷ್ಟೇ ಇದ್ದರೂ ತೆಗೆಯಬೇಕು ಎಂದು ಅನೇಕ ತಯಾರಕರು ಸಲಹೆ ಮಾಡುತ್ತಾರೆ. ನಮ್ಮ ಬಿಸಿಲಿನಲ್ಲಿ ಏಳರ ಮೇಲೆ ನಂಬದಿರುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಒಂದೇ ಜಾಗದಲ್ಲಿ ನಿಂತ ಕಾರಿನ ಟೈರುಗಳ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದರೆ ವರ್ಷವನ್ನೂ ಎಣಿಸಬೇಡಿ, ಬದಲಿಸಿ. ಸ್ಟೆಪ್ನಿಯನ್ನೂ ಇದೇ ಕಣ್ಣಿನಿಂದ ನೋಡಿ. ಕೊಂಡಾಗಿನ ಮೂಲ ಟೈರೇ ಅಲ್ಲಿ ಉಳಿದಿರುವುದು ಸಾಮಾನ್ಯ.

ಗಾಳಿ ಕಡಿಮೆ ಮಾಡುವುದು ಅಪಾಯಕಾರಿ ನಂಬಿಕೆ. ಗಾಳಿ ಕಡಿಮೆಯಾದಷ್ಟೂ ಟೈರಿನ ಗೋಡೆ ಹೆಚ್ಚು ಮಡಚಿ ಬಿಚ್ಚುತ್ತದೆ, ಆ ತಿಕ್ಕಾಟದಿಂದಲೇ ಶಾಖ ಹುಟ್ಟುತ್ತದೆ. ರಾಷ್ಟ್ರೀಯ ಹೆದ್ದಾರಿ 48ರ ವೇಗದಲ್ಲಿ ಟೈರು ಸಿಡಿಯಲು ಅದೇ ದೊಡ್ಡ ಕಾರಣ. ಚಾಲಕನ ಬಾಗಿಲಿನ ಚೌಕಟ್ಟಿನ ಮೇಲೆ ಅಂಟಿಸಿರುವ ಪಟ್ಟಿಯಲ್ಲಿ ಪೂರ್ಣ ಭಾರಕ್ಕೆ ಹೇಳಿದ ಅಳತೆಯನ್ನು, ಟೈರು ತಣ್ಣಗಿರುವಾಗ ಬೆಳಗ್ಗೆಯೇ ತುಂಬಿಸಿ.

ಪ್ರಶ್ನೆ: ನಮ್ಮ 2011ರ ವ್ಯಾಗನ್ ಆರ್ ಇ20 ಪೆಟ್ರೋಲ್ ಮೇಲೆ ದೂರ ಓಡಬಲ್ಲದೆ? (ಜಮಖಂಡಿ)

ಉತ್ತರ: ಓಡಬಲ್ಲದು. ಇ20 ಎಂದರೆ ಶೇ. 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್. ನಿಮ್ಮೂರ ಸುತ್ತಲಿನ ಕಬ್ಬೇ ಆ ಪೆಟ್ರೋಲಿನಲ್ಲಿರಬಹುದು. ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆಯಿರುವುದರಿಂದ ಮೈಲೇಜ್ ಸ್ವಲ್ಪ ಇಳಿಯುತ್ತದೆ. ಅಷ್ಟು ಹಳೆಯ ಕಾರಿನ ಇಂಧನದ ಹೋಸುಗಳು ಇ20ಗೆಂದು ಮಾಡಿದವಲ್ಲವಾದ್ದರಿಂದ ಅವು ಮೆತ್ತಗಾಗಿವೆಯೇ, ಬಿರುಕು ಬಿಟ್ಟಿವೆಯೇ ಎಂದು ನೋಡಿಸಿ. ಪೆಟ್ರೋಲ್ ವಾಸನೆ ಬಂದರೆ ಆ ದಿನವೇ ಗ್ಯಾರೇಜಿಗೆ ಒಯ್ಯಿರಿ. ತಿಂಗಳುಗಟ್ಟಲೆ ನಿಲ್ಲಿಸುವ ಕಾರಿನಲ್ಲಿ ಹಳೆಯ ಪೆಟ್ರೋಲ್ ಇಟ್ಟುಕೊಂಡು ದೂರ ಹೊರಡಬೇಡಿ.

ಪ್ರಶ್ನೆ: ಜೊತೆಗೆ ಏನೇನು ಒಯ್ಯಬೇಕು? (ಗೋಕಾಕ)

ಉತ್ತರ: ಒಂದು ಲೀಟರ್ ಕೂಲಂಟ್, ಅರ್ಧ ಲೀಟರ್ ಎಂಜಿನ್ ಆಯಿಲ್, ಕೆಲವು ಫ್ಯೂಸ್, ಜಂಪ್ ಕೇಬಲ್, ಟಾರ್ಚ್ ಮತ್ತು ಪ್ರತಿಫಲಕ ತ್ರಿಕೋನ ಸಾಕು. ಬ್ಯಾಟರಿ ರಾತ್ರಿಯೆಲ್ಲ ನಿಂತ ಮೇಲೆ 12.6 ವೋಲ್ಟ್, ಎಂಜಿನ್ ಓಡುವಾಗ 14ರ ಆಸುಪಾಸು ತೋರಿಸುತ್ತದೆಯೇ ಎಂದು ಮೊದಲೇ ನೋಡಿಸಿ. ಟೈರ್ ಅಂಗಡಿಯವರು ಗಾಳಿಯ ಗನ್ನಿನಿಂದ ಬಿಗಿದ ನಟ್ಟುಗಳು ಕಾರಿನ ಜೊತೆ ಬಂದ ಸಣ್ಣ ಪಾನಾಕ್ಕೆ ಎಷ್ಟೋ ಸಲ ಬಗ್ಗುವುದಿಲ್ಲ. ಆದ್ದರಿಂದ ಕಾರು ನೆಲದ ಮೇಲೆ ನಿಂತಿರುವಾಗಲೇ ಪ್ರತಿ ನಟ್ಟನ್ನೂ ಒಂದೊಂದಾಗಿ ಅದೇ ಪಾನಾದಿಂದ ಸಡಿಲಿಸಿ ನೋಡಿ, ಮತ್ತೆ ಆ ಪಾನಾದಿಂದಲೇ ಕೈಬಲದಲ್ಲಿ ಬಿಗಿಯಾಗಿ ತಿರುಗಿಸಿಕೊಂಡು ಹೊರಡಿ.