ವಿಂಡೋಸ್ ಎಕ್ಸ್‌ಪಿ ಮತ್ತೆ ಹಾಕುವಾಗ ನೀಲಿ ಪರದೆ ಬಂದು ನಿಲ್ಲುವುದೇಕೆ?

ದಾಲ್ ಮಿಲ್ಲಿನ ಕಂಪ್ಯೂಟರಿಗೆ ಎಕ್ಸ್‌ಪಿ ಮತ್ತೆ ಹಾಕುವಾಗ 7ಬಿ ಎಂದು ಮುಗಿಯುವ ಕೋಡಿನೊಂದಿಗೆ ನೀಲಿ ಪರದೆ ಬರುತ್ತದೆ ಎಂದು ಕೇಳಿದ್ದೀರಿ. ಬಹುಮಟ್ಟಿಗೆ ನಿಮ್ಮ ಸಿಡಿಯೂ ಕೆಟ್ಟಿಲ್ಲ, ಹಾರ್ಡ್ ಡಿಸ್ಕೂ ಕೆಟ್ಟಿಲ್ಲ. ಬಯಾಸ್‌ನಲ್ಲಿ (ಕಂಪ್ಯೂಟರ್ ಹಚ್ಚಿದೊಡನೆ ಮೊದಲು ಓಡುವ, ಮದರ್‌ಬೋರ್ಡಿನೊಳಗಿನ ತಂತ್ರಾಂಶ) ಸಾಟಾ ಮೋಡ್, ಅಂದರೆ ಹಾರ್ಡ್ ಡಿಸ್ಕ್ ಜೋಡಣೆಯ ವಿಧಾನ, 'ಎಎಚ್‌ಸಿಐ' ಎಂದಿರುತ್ತದೆ. ಅದನ್ನು ಹಳೆಯ ವಿಧಾನವಾದ 'ಐಡಿಇ' ಅಥವಾ 'ಕಂಪ್ಯಾಟಿಬಲ್' ಎಂದು ಬದಲಿಸಿ, ಸೇವ್ ಮಾಡಿ, ಮತ್ತೆ ಶುರು ಮಾಡಿ.

ಎಎಚ್‌ಸಿಐ ಅಂದರೆ ಮದರ್‌ಬೋರ್ಡ್ ಹಾರ್ಡ್ ಡಿಸ್ಕಿನ ಜೊತೆ ವ್ಯವಹರಿಸುವ, ಎಕ್ಸ್‌ಪಿಯ ನಂತರ ಬಂದ ಪದ್ಧತಿ. 2001ರಲ್ಲಿ ಬಂದ ಎಕ್ಸ್‌ಪಿಯ ಸಿಡಿಯಲ್ಲಿ ಅದಕ್ಕೆ ಡ್ರೈವರ್ (ಯಂತ್ರಭಾಗವನ್ನು ವಿಂಡೋಸ್‌ಗೆ ಪರಿಚಯಿಸುವ ತಂತ್ರಾಂಶ) ಇಲ್ಲ. ಮೊದಲ ಕೆಲವು ನಿಮಿಷ ಬಯಾಸ್‌ನ ನೆರವಿನಿಂದಲೇ ಫೈಲುಗಳು ಲೋಡ್ ಆಗುತ್ತವೆ, ಎಲ್ಲ ಸರಿಯಿದೆ ಅನಿಸುತ್ತದೆ. ಪರದೆಯ ತಳದಲ್ಲಿ 'ಸೆಟಪ್ ಈಸ್ ಸ್ಟಾರ್ಟಿಂಗ್ ವಿಂಡೋಸ್' ಎಂಬ ಸಾಲು ಬಂದಾಗ ವಿಂಡೋಸ್ ತಾನೇ ಡಿಸ್ಕ್ ಹುಡುಕಬೇಕು. ಅದಕ್ಕೆ ಡಿಸ್ಕ್ ಕಾಣುವುದೇ ಇಲ್ಲ. ನೀವು ಹೇಳಿದ, 7ಬಿ ಎಂದು ಮುಗಿಯುವ ಕೋಡ್ ಬರುವುದು ಆಗಲೇ.

ಬಯಾಸ್‌ನಲ್ಲಿ ಐಡಿಇ ಆಯ್ಕೆಯೇ ಇಲ್ಲದಿದ್ದರೆ, ಎನ್‌ಲೈಟ್ ಎಂಬ ತಂತ್ರಾಂಶದಿಂದ ನಿಮ್ಮ ಮದರ್‌ಬೋರ್ಡಿನ ಚಿಪ್‌ಸೆಟ್ಟಿಗೆ (ಅದರ ಮುಖ್ಯ ಚಿಪ್‌ಗಳಿಗೆ) ಹೊಂದುವ ಸಾಟಾ ಡ್ರೈವರ್ ಸೇರಿಸಿ ಹೊಸ ಸಿಡಿ ಬರೆಯಬೇಕು.

ಆದರೆ ದಯವಿಟ್ಟು ಮೊದಲು ಲೆಕ್ಕ ಉಳಿಸಿಕೊಳ್ಳಿ. ಕಲಬುರಗಿಯ ನಿಮ್ಮ ದಾಲ್ ಮಿಲ್ಲಿನ ತೊಗರಿ ಖರೀದಿ ಲೆಕ್ಕವೆಲ್ಲ ಈ ಕಂಪ್ಯೂಟರಿನಲ್ಲೇ ಇದೆ ಎಂದಿದ್ದೀರಿ. ಫಾರ್ಮ್ಯಾಟ್ ಮಾಡಿದರೆ ಹೋಯಿತು. ಡಿಸ್ಕ್ ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ ಆ ಫೋಲ್ಡರ್ ನಕಲು ಮಾಡಿಕೊಳ್ಳಿ, ಡೆಸ್ಕ್‌ಟಾಪ್ ಮೇಲಿರುವುದನ್ನೂ ಮರೆಯಬೇಡಿ. ಯುಪಿಎಸ್ ಇಲ್ಲದೆ ಇನ್‌ಸ್ಟಾಲ್‌ಗೆ ಕೂರಬೇಡಿ, ನಡುವೆ ಕರೆಂಟ್ ಹೋದರೆ ಕೆಲಸ ಕೆಡುತ್ತದೆ.

ಎಕ್ಸ್‌ಪಿಗೆ ಸಾಮಾನ್ಯ ಭದ್ರತಾ ಅಪ್‌ಡೇಟ್‌ಗಳು 2014ರ ಏಪ್ರಿಲ್ 8ಕ್ಕೇ ನಿಂತಿವೆ. ಬಿಲ್ಲಿಂಗ್‌ಗಷ್ಟೇ ಬಳಸುವುದಾದರೆ ಇಂಟರ್ನೆಟ್ ಕೇಬಲ್ ಹಾಕಲೇಬೇಡಿ.