ಅಂಗಡಿಯ ಕಂಪ್ಯೂಟರ್‌ಗಳಿಗಾಗಿ ನಿಕ್ಸ್ ಭಾಷೆ ಕಲಿಯಬೇಕಾ?

ನಿಕ್ಸ್‌ಓಎಸ್ ಎಂಬ ಲಿನಕ್ಸ್‌ನ ಸೆಟ್ಟಿಂಗ್ ಬರೆಯುವ ಭಾಷೆ ನಿಕ್ಸ್. ಬೇರೆಲ್ಲೂ ಬಳಕೆಗೆ ಬಾರದ ಅದನ್ನು ಕಲಿಯುವ ಬದಲು, ಕಂಪ್ಯೂಟರ್‌ಗಳನ್ನು ಸಜ್ಜು ಮಾಡಲು ಪೈಥಾನ್ ಸ್ಕ್ರಿಪ್ಟ್ ಸಾಕಲ್ವಾ ಎಂದು ಕೇಳಿದ್ದೀರಿ. ನಾನು ಸ್ಕ್ರಿಪ್ಟಿನಿಂದಲೇ ಶುರು ಮಾಡಿದವನು.

ಬದಿಯಡ್ಕದಲ್ಲಿ ನನ್ನದು ಡಿಟಿಪಿ ಅಂಗಡಿ. ಕೆಲವು ಕಂಪ್ಯೂಟರ್‌ಗಳಲ್ಲಿ ಕನ್ನಡದ ಕೆಜಿಪಿ ಕೀಬೋರ್ಡ್ ಬೇಕು, ಉಳಿದವುಗಳಲ್ಲಿ ಮಲಯಾಳಂ ಇನ್‌ಸ್ಕ್ರಿಪ್ಟ್. ಸ್ಕ್ರಿಪ್ಟ್ ಒಂದೇ ಆದರೂ ಫಲ ಒಂದೇ ಇರುತ್ತಿರಲಿಲ್ಲ. ಮೊದಲೇ ಅಲ್ಲಿ ಏನು ಹಾಕಿದ್ದೆವೋ ಅದರ ಮೇಲೆ ನಿಂತಿರುತ್ತಿತ್ತು. ನಿಕ್ಸ್‌ಓಎಸ್‌ನಲ್ಲಿ ಫಾಂಟ್, ಕೀಬೋರ್ಡ್, ಪ್ರಿಂಟರ್ ಎಲ್ಲ ಬರೆದಿಟ್ಟರೆ ಆ ಬರಹದಿಂದಲೇ ಇಡೀ ಸಿಸ್ಟಂ ಹೊಸದಾಗಿ ತಯಾರಾಗುತ್ತದೆ. ಹಳೆಯದು ಬೂಟ್ ಮೆನುವಿನಲ್ಲಿ ಉಳಿಯುತ್ತದೆ.

ನನಗೆ ಏಟು ಬಿದ್ದದ್ದು ಒಂದು ಸಾಲಿನಿಂದ. ಎಲ್ಲ ಕಂಪ್ಯೂಟರ್‌ಗೂ ಒಂದೇ ಫೈಲ್ ಇರಲಿ ಎಂದು 'ಇಂಪೋರ್ಟ್ಸ್' (ಬೇರೆ ಫೈಲುಗಳನ್ನು ಸೇರಿಸುವ ಪಟ್ಟಿ) ಒಳಗೆ 'ಇಫ್' ಹಾಕಿದೆ. ಹೋಸ್ಟ್‌ನೇಮ್ (ಕಂಪ್ಯೂಟರಿನ ಹೆಸರು) ಇದಾದರೆ ಕನ್ನಡದ ಫೈಲ್ ಸೇರಿಸು, ಇಲ್ಲವಾದರೆ ಮಲಯಾಳಂ. ಬಂದದ್ದು 'ಇನ್ಫೈನೈಟ್ ರಿಕರ್ಷನ್', ಅಂದರೆ ಲೆಕ್ಕ ಕೊನೆಯಿಲ್ಲದೆ ಸುತ್ತುತ್ತಿದೆ ಎನ್ನುವ ಎರರ್. ಯಾಕೆ ಗೊತ್ತಾ? ಸೇರಿಸಿದ ಯಾವ ಫೈಲ್ ಬೇಕಾದರೂ ಹೋಸ್ಟ್‌ನೇಮ್ ಬದಲಿಸಬಹುದು. ಹಾಗಾಗಿ ಎಲ್ಲ ಫೈಲ್ ಸೇರಿಸಿ ಮುಗಿಯದೆ ಆ ಹೆಸರು ಗೊತ್ತಾಗುವುದಿಲ್ಲ. ಯಾವ ಫೈಲ್ ಸೇರಿಸಬೇಕು ಅನ್ನುವುದಕ್ಕೋ, ಅದೇ ಹೆಸರು ಬೇಕು! ಅಷ್ಟೇ ಅಲ್ಲ, ನಿಕ್ಸ್ ಲೇಜಿ ಭಾಷೆ. ಬೇಕಾಗುವ ತನಕ ಯಾವುದನ್ನೂ ಲೆಕ್ಕ ಹಾಕುವುದಿಲ್ಲ. ಅದರಿಂದ ಎರರ್ ನನ್ನ ಸಾಲನ್ನು ಬಿಟ್ಟು ಲೈಬ್ರರಿಯ ಒಳಗೆಲ್ಲೋ ಬೊಟ್ಟು ಮಾಡಿತು. ಶಾಲೆಗಳ ಅಡ್ಮಿಷನ್ ಸಮಯ, ಹೊಸ ಪ್ರಿಂಟರಿಗೆ ಡ್ರೈವರ್ ಸೇರಿಸಬೇಕಿತ್ತು. ಹಳೆ ಸಿಸ್ಟಂ ಏನೂ ಕೆಡದೆ ಓಡುತ್ತಿತ್ತು, ಆದರೆ ಪ್ರಿಂಟ್ ಇಲ್ಲ. ಗಿರಾಕಿಗಳು ಅರ್ಜಿ ಹಿಡಿದು ಕುಂಬಳೆಗೆ ಹೋದರು. ಎರಡೂ ಫೈಲುಗಳನ್ನು ಯಾವಾಗಲೂ ಇಂಪೋರ್ಟ್ ಮಾಡಿ, ಒಳಗಿನ ಸೆಟ್ಟಿಂಗ್‌ಗಳಿಗೆ ಷರತ್ತು ಹಾಕುವ 'ಎಂಕೆ-ಇಫ್' ಬಳಸಬೇಕಿತ್ತು. ಇನ್ನೂ ಸುಲಭ ಎಂದರೆ ಒಂದೊಂದು ಕಂಪ್ಯೂಟರ್‌ಗೆ ಒಂದೊಂದು ಸಣ್ಣ ಫೈಲ್. ಈಗ ನನ್ನಲ್ಲಿ ಇರುವುದು ಹಾಗೇ.

ಹಾಗಾದರೆ ಪೈಥಾನ್ ವಾಸಿ ಅಂತೀರಾ? ನಾನು ಒಪ್ಪುವುದಿಲ್ಲ. ನೀವು ಹೆದರುತ್ತಿರುವುದು ಭಾಷೆಗೆ, ಅದು ತುಂಬಾ ಚಿಕ್ಕದು. ಕಷ್ಟ ಇರುವುದು ಅದರ ಮೇಲೆ ಕಟ್ಟಿದ ಮಾಡ್ಯೂಲ್ ವ್ಯವಸ್ಥೆಯಲ್ಲಿ, ಅಂದರೆ ಹಲವು ಫೈಲುಗಳ ಸೆಟ್ಟಿಂಗ್‌ಗಳನ್ನು ಒಟ್ಟು ಸೇರಿಸುವ ಭಾಗದಲ್ಲಿ. ನನ್ನನ್ನು ಸಿಕ್ಕಿಸಿದ್ದೂ ಅದೇ. ಅದನ್ನು ಪೈಥಾನ್‌ನಲ್ಲಿ ಬರೆದಿದ್ದರೂ ಆ ಸುತ್ತು ಬಿಡುತ್ತಿರಲಿಲ್ಲ. ಭಾಷೆಯ ಕೈ ಕಟ್ಟಿರುವುದೇ ಅದರ ಲಾಭ. ಫ್ಲೇಕ್ಸ್ ಎಂಬ ನಿಕ್ಸ್‌ನ ಕಟ್ಟುನಿಟ್ಟಿನ ವಿಧಾನ ಬಳಸಿದರೆ ಅದು ಗಡಿಯಾರ ನೋಡುವುದಿಲ್ಲ, ಎನ್ವಿರಾನ್‌ಮೆಂಟ್ ವೇರಿಯಬಲ್ (ಆ ಕಂಪ್ಯೂಟರಿನಲ್ಲಿ ಹೊರಗೆ ಇಟ್ಟ ಬೆಲೆಗಳು) ಓದುವುದಿಲ್ಲ. ಪ್ಯಾಕೇಜುಗಳ ಆವೃತ್ತಿ ಲಾಕ್ ಫೈಲಿನಲ್ಲಿ ಗಟ್ಟಿಯಾಗಿರುತ್ತದೆ. ನಿಕ್ಸ್ ಹುಟ್ಟುಹಾಕಿದ ಎಲ್ಕೊ ಡಾಲ್‌ಸ್ಟ್ರಾ 2006ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಪಿಎಚ್‌ಡಿ ಪ್ರಬಂಧದಲ್ಲಿ ವಾದಿಸಿದ್ದೂ ಈ ಶುದ್ಧ ಫಂಕ್ಷನಲ್ ದಾರಿಯ ಪರವಾಗಿಯೇ, ಅಂದರೆ ಕೊಟ್ಟದ್ದು ಒಂದೇ ಆದರೆ ಫಲವೂ ಒಂದೇ ಇರಬೇಕು ಎಂದು.

ನನ್ನ ದೂರು ಬೇರೆ. ನಿಕ್ಸ್ ಭಾಷೆಯಲ್ಲಿ, ಓಡಿಸುವ ಮೊದಲೇ ತಪ್ಪು ಹಿಡಿಯುವ ಟೈಪ್ ವ್ಯವಸ್ಥೆ (ಯಾವ ಜಾಗಕ್ಕೆ ಸಂಖ್ಯೆ, ಯಾವ ಜಾಗಕ್ಕೆ ಪಠ್ಯ ಎಂದು ನೋಡುವುದು) ಇಲ್ಲ. ಸೆಟ್ಟಿಂಗ್ ಬರೆಯಲೆಂದೇ ಇರುವ ಡಾಲ್ ಎಂಬ ಇನ್ನೊಂದು ಭಾಷೆಯಲ್ಲಿ ಅದು ಇದೆ, ಕೊನೆಯಿಲ್ಲದೆ ಸುತ್ತುವ ಲೆಕ್ಕವನ್ನು ಅದರಲ್ಲಿ ಬರೆಯಲೇ ಆಗದು. ಆದರೆ ನಮ್ಮಂಥವರಿಗೆ ಬೇಕಾದ ಫಾಂಟು, ಡ್ರೈವರ್‌ಗಳ ರಾಶಿ ಇರುವುದು ನಿಕ್ಸ್‌ನಲ್ಲಿ.

ಎಲ್ಲ ಕಡೆ ಬಳಸುವ ಭಾಷೆಯೇ ಬೇಕು ಎನ್ನುವ ಹಟವಿದ್ದರೆ ನಿಕ್ಸ್‌ಓಎಸ್‌ನಂಥದ್ದೇ ಆದ ಗೀಕ್ಸ್ ನೋಡಿ, ಅದರಲ್ಲಿ ಬೇರೆ ಕಡೆಯೂ ಬಳಕೆಯಲ್ಲಿರುವ ಸ್ಕೀಮ್ ಭಾಷೆ ಬರೆಯುತ್ತಾರೆ. ಅದರ ಲಿನಕ್ಸ್-ಲಿಬ್ರೆ ಕರ್ನೆಲ್‌ನಲ್ಲಿ ಮುಕ್ತವಲ್ಲದ ಫರ್ಮ್‌ವೇರ್ (ಹಾರ್ಡ್‌ವೇರಿನೊಳಗೆ ಓಡುವ ಸಾಫ್ಟ್‌ವೇರ್) ಇರುವುದಿಲ್ಲ, ಅದಿಲ್ಲದೆ ಕೆಲವು ವೈಫೈ ಕಾರ್ಡ್‌ಗಳು ಓಡುವುದಿಲ್ಲ. ನಿಮ್ಮ ವೈಫೈ ಕಾರ್ಡ್ ಯಾವುದೆಂದು ಮೊದಲೇ ನೋಡಿಕೊಳ್ಳಿ.