ಡೇನ್ ಮರಿಯ ಕಾಲು ಬಾಗಿದೆ ಎಂದು ಕ್ಯಾಲ್ಸಿಯಂ ಹೆಚ್ಚಿಸಬೇಡಿ

ರಾಣೆಬೆನ್ನೂರಿನ ಗೆಳೆಯರು ಬೆಳಿಗ್ಗೆ ಹಾಕಿದ ಪ್ರಶ್ನೆಯನ್ನೂ ಅದರ ಕೆಳಗೆ ಬಂದ ಸಲಹೆಗಳನ್ನೂ ಓದಿ ಸುಮ್ಮನಿರಲಾಗದೆ ಬರೆಯುತ್ತಿದ್ದೇನೆ. ಗ್ರೇಟ್ ಡೇನ್ ಎಂಬ ದೈತ್ಯ ತಳಿಯ ನಾಯಿಯ ನಾಲ್ಕು ತಿಂಗಳ ಗಂಡು ಮರಿ, ತೂಕ 32 ಕಿಲೊ, ದಿನಕ್ಕೆ 500 ಗ್ರಾಂ ಪಪ್ಪಿ ಫುಡ್ (ಮರಿಗಳಿಗೆಂದೇ ಚೀಲದಲ್ಲಿ ಬರುವ ಒಣ ಆಹಾರ), ಅದರ ಮೇಲೆ ಎರಡು ಟೀ ಚಮಚ ಮೊಟ್ಟೆ ಚಿಪ್ಪಿನ ಪುಡಿ, ಎರಡು ಹೊತ್ತು ಕ್ಯಾಲ್ಸಿಯಂ ಸಿರಪ್, ರಾತ್ರಿ ತುಪ್ಪ ಕಲಸಿದ ಅನ್ನ. ಈಗ ಮುಂಗಾಲುಗಳು ಹೊರಕ್ಕೆ ತಿರುಗುತ್ತಿವೆ, ಇದಕ್ಕಿಂತ ಸ್ಟ್ರಾಂಗ್ ಆದ ಕ್ಯಾಲ್ಸಿಯಂ ಯಾವುದು ಎಂದು ನೀವು ಕೇಳಿದ್ದೀರಿ, ಉತ್ತರಿಸಿದವರೆಲ್ಲ ಒಂದೊಂದು ಬಾಟಲಿಯ ಹೆಸರು ಹೇಳಿದ್ದಾರೆ. ದಯವಿಟ್ಟು ಯಾವ ಬಾಟಲಿಯನ್ನೂ ತರಬೇಡಿ. ಇವತ್ತು ರಾತ್ರಿಯಿಂದಲೇ ಸಿರಪ್ಪನ್ನೂ ಚಿಪ್ಪಿನ ಪುಡಿಯನ್ನೂ ನಿಲ್ಲಿಸಿ, ಈ ವಾರದೊಳಗೆ ಎರಡೂ ಮುಂಗಾಲುಗಳ ಎಕ್ಸ್‌ರೇ ಮಾಡಿಸಿ.

ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ, 2011ರಲ್ಲಿ ನಾನೂ ಇದನ್ನೇ ಮಾಡಿದ್ದೆ. ನನ್ನ ಮೊದಲ ಡೇನ್ ಗಜನನ್ನು ಮಾರಿದವರು, ಇದು ಡಬಲ್ ಬೋನ್ ಮರಿ, ಅಂದರೆ ದಪ್ಪ ಮೂಳೆಯದು, ಬೋನ್ ಉಳಿಯಬೇಕಾದರೆ ಕ್ಯಾಲ್ಸಿಯಂ ಒಂದು ಹೊತ್ತೂ ತಪ್ಪಬಾರದು ಎಂದು ಬಾಟಲಿಯ ಸಮೇತ ಮರಿಯನ್ನು ಕೈಗಿತ್ತಿದ್ದರು. ಮನೆಯಲ್ಲಿ ಅಮ್ಮ ರಾಗಿ ಅಂಬಲಿಗೆ ತುಪ್ಪ ಹಾಕಿ ಕುಡಿಸುತ್ತಿದ್ದಳು, ನಾನು ಪಪ್ಪಿ ಫುಡ್ಡಿನ ಮೇಲೆ ಸಿರಪ್ ಸುರಿಯುತ್ತಿದ್ದೆ. ನಾಲ್ಕನೆಯ ತಿಂಗಳು ಮುಗಿಯುವಷ್ಟರಲ್ಲಿ ಅದರ ಎಡ ಪಂಜ ಹೊರಕ್ಕೆ ವಾಲತೊಡಗಿತು. ಔಷಧದ ಅಂಗಡಿಯವರು ರಿಕೆಟ್ಸ್, ಅಂದರೆ ಕೊರತೆಯಿಂದ ಮೂಳೆ ಮೆತ್ತಗಾಗುವ ಕಾಯಿಲೆ ಎಂದರು, ನಾನು ನಂಬಿ ಸಿರಪ್ಪನ್ನು ಇಮ್ಮಡಿ ಮಾಡಿದೆ. ಮೂರು ವಾರಗಳಲ್ಲಿ ಬಲಗಾಲೂ ಅದೇ ದಾರಿ ಹಿಡಿಯಿತು. ಕೊನೆಗೆ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು ವೈದ್ಯರು ತೋರಿಸಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ: ಅಲ್ನಾ ಮೂಳೆಯ ಕೆಳತುದಿಯಲ್ಲಿ, ಇಡೀ ಮೂಳೆ ಬೆಳ್ಳಗೆ ಕಾಣಬೇಕಾದ ಕಡೆ, ಮೇಣದಬತ್ತಿಯ ಜ್ವಾಲೆಯ ಆಕಾರದ ಒಂದು ಕಪ್ಪು ಕಲೆ. ಅಲ್ಲಿ ಮೃದ್ವಸ್ಥಿ ಮೂಳೆಯಾಗಿ ಮಾಗದೆ ಹಾಗೆಯೇ ಉಳಿದಿತ್ತು.

ಮೊಣಕೈಯಿಂದ ಮಣಿಕಟ್ಟಿನವರೆಗೆ ಇರುವ ರೇಡಿಯಸ್ ಮತ್ತು ಅಲ್ನಾ ಎಂಬ ಎರಡು ಮೂಳೆಗಳು ಒಂದೇ ವೇಗದಲ್ಲಿ ಬೆಳೆಯಬೇಕು. ಅಲ್ನಾ ಹಿಂದೆ ಬಿದ್ದರೆ ಅದು ಬಿಲ್ಲಿಗೆ ಕಟ್ಟಿದ ಹೆದೆಯಂತೆ ಬಿಗಿದು ನಿಲ್ಲುತ್ತದೆ, ಬೆಳೆಯುತ್ತಲೇ ಇರುವ ರೇಡಿಯಸ್ ಬಿಲ್ಲಿನಂತೆ ಬಾಗುತ್ತದೆ, ಪಂಜ ಹೊರಕ್ಕೆ ತಿರುಗುತ್ತದೆ. ಹೊರಗಿನಿಂದ ನೋಡುವವರಿಗೆ ಇದು ಕ್ಯಾಲ್ಸಿಯಂ ಕೊರತೆಯ ಹಾಗೆಯೇ ಕಾಣುವುದರಿಂದ ಎಲ್ಲರೂ ಕ್ಯಾಲ್ಸಿಯಂ ಹೆಚ್ಚಿಸುತ್ತಾರೆ, ಕಾಲು ಇನ್ನಷ್ಟು ಬಾಗುತ್ತದೆ. ಎಲ್ಲವನ್ನೂ ನಿಲ್ಲಿಸಿ ತೂಕ ಇಳಿಸಿದ ಮೇಲೆ ಗಜನ ಬಲಗಾಲು ಬಹುಪಾಲು ನೆಟ್ಟಗಾಯಿತು. ಎಡಗಾಲು ಮಾತ್ರ ಅದು ತೀರಿಕೊಳ್ಳುವವರೆಗೂ ಹಾಗೆಯೇ ಇತ್ತು, ಮಳೆಗಾಲದಲ್ಲಿ ಕುಂಟುತ್ತಿತ್ತು.

ಹೆಚ್ಚಾದ ಕ್ಯಾಲ್ಸಿಯಂ ಮಲದಲ್ಲಿ ಹೋಗುತ್ತದೆ ಬಿಡಿ ಎಂದು ಒಬ್ಬರು ಬರೆದಿದ್ದಾರೆ. ಬೆಳೆದ ನಾಯಿಯ ಮಟ್ಟಿಗೆ ಆ ಮಾತು ಬಹುಮಟ್ಟಿಗೆ ಸರಿ, ಆದರೆ ಸುಮಾರು ಆರು ತಿಂಗಳೊಳಗಿನ ಮರಿಯ ಕರುಳಿಗೆ ಸಾಕು ಎನ್ನಲು ಬರುವುದಿಲ್ಲ, ಹಾಕಿದ ಕ್ಯಾಲ್ಸಿಯಮ್ಮಿನ ದೊಡ್ಡ ಪಾಲನ್ನು ಅದು ಬೇಕಿರಲಿ ಬೇಡದಿರಲಿ ಹೀರಿಕೊಳ್ಳುತ್ತದೆ. ನೆದರ್ಲೆಂಡ್ಸಿನ ಉಟ್ರೆಕ್ಟ್‌ನಲ್ಲಿ ಹೇಜ್‌ವಿಂಕೆಲ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಗ್ರೇಟ್ ಡೇನ್ ಮರಿಗಳಿಗೇ ಹೆಚ್ಚು ಕ್ಯಾಲ್ಸಿಯಂ ತಿನ್ನಿಸಿ ನೋಡಿದಾಗ ಕಂಡದ್ದು ಮೂಳೆಯ ಬೆಳವಣಿಗೆಯ ದೋಷಗಳೇ ಹೊರತು ಗಟ್ಟಿ ಮೂಳೆಯಲ್ಲ.

ನಿಮ್ಮದೇ ಲೆಕ್ಕ ಹಾಕೋಣ. ಪ್ರಾಯದಲ್ಲಿ 32 ಕಿಲೊ ದಾಟುವ ತಳಿಗಳ ಮರಿಗಳ ಆಹಾರದಲ್ಲಿ, ನೀರಿನಂಶ ಕಳೆದ ಮೇಲೆ, ಕ್ಯಾಲ್ಸಿಯಂ ಶೇ. 1.2ರಿಂದ 1.8ರ ಒಳಗಿರಬೇಕು ಎಂಬುದು ಪಶು ಆಹಾರದ ಮಾನದಂಡ ರೂಪಿಸುವ ಅಮೆರಿಕದ ಆಫ್ಕೋ (AAFCO) ಸಂಸ್ಥೆಯ ಮಾನದಂಡ. ನಿಮ್ಮ 500 ಗ್ರಾಂ ಡ್ರೈ ಫುಡ್ಡಿನಲ್ಲಿ ನೀರು ಶೇ. 10 ಎಂದಿಟ್ಟುಕೊಂಡರೆ ಉಳಿಯುವುದು 450 ಗ್ರಾಂ, ಅಂದರೆ ಕನಿಷ್ಠ 5.4 ಗ್ರಾಂ, ಗರಿಷ್ಠ 8.1 ಗ್ರಾಂ ಕ್ಯಾಲ್ಸಿಯಂ. ಚೀಲದ ಹಿಂದೆ ಕ್ಯಾಲ್ಸಿಯಂ ಶೇ. 1.3 ಎಂದಿದ್ದರೆ ಆಹಾರದಿಂದಲೇ 6.5 ಗ್ರಾಂ ಹೋಗಿ ಅಗತ್ಯ ಮುಗಿದಿದೆ. ಮೊಟ್ಟೆ ಚಿಪ್ಪಿನಲ್ಲಿ ಶೇ. 38ರಷ್ಟು ಕ್ಯಾಲ್ಸಿಯಂ ಇರುವುದರಿಂದ ಐದು ಗ್ರಾಮಿನ ಒಂದು ಚಮಚಕ್ಕೆ 1.9 ಗ್ರಾಂ, ಎರಡು ಚಮಚಕ್ಕೆ 3.8 ಗ್ರಾಂ. ಒಟ್ಟು 10.3 ಗ್ರಾಂ ಆಯಿತು, ಸಿರಪ್ಪಿನ ಲೆಕ್ಕ ಇನ್ನೂ ಹಿಡಿದಿಲ್ಲ. ಜೊತೆಗೆ ಚಿಪ್ಪಿನಲ್ಲಿ ರಂಜಕ ಇಲ್ಲವೆನ್ನುವಷ್ಟು ಕಡಿಮೆ ಇರುವುದರಿಂದ ಕ್ಯಾಲ್ಸಿಯಂ ಮತ್ತು ರಂಜಕದ ಅನುಪಾತವೂ ಕೆಡುತ್ತದೆ.

ಇದನ್ನು ಓದಿ ಮನೆ ಅಡುಗೆ ಹಾಕುವವರು ತಮ್ಮ ಕ್ಯಾಲ್ಸಿಯಮ್ಮನ್ನು ನಿಲ್ಲಿಸಿಬಿಡಬಾರದು, ಅವರ ಲೆಕ್ಕ ತಿರುಗುಮುರುಗು. ಕೋಳಿ, ಅನ್ನ, ಮೊಸರಿನಲ್ಲಿ ಬೆಳೆಯುವ ಮರಿಗೆ ಸಾಲುವಷ್ಟು ಕ್ಯಾಲ್ಸಿಯಂ ಇಲ್ಲ, ಬರೀ ಮಾಂಸ ತಿಂದು ಬೆಳೆದ ಮರಿಯ ಮೂಳೆ ಜಿಗಿದರೆ ಮುರಿಯುವಷ್ಟು ತೆಳುವಾಗುತ್ತದೆ. ರಾಗಿಯಲ್ಲಿ 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಇದೆ ಎಂಬುದು ನಿಜ, ಆದರೆ ಅದರಲ್ಲಿರುವ ಫೈಟೇಟ್ ಎಂಬ ಅಂಶ ಆ ಕ್ಯಾಲ್ಸಿಯಮ್ಮಿನ ಒಂದು ಪಾಲನ್ನು ಹಿಡಿದಿಟ್ಟುಕೊಳ್ಳುತ್ತದೆ, ಅಲ್ಲದೆ ದಿನಕ್ಕೆ ಐದಾರು ಗ್ರಾಂ ಕ್ಯಾಲ್ಸಿಯಂ ಬೇಕಾದರೆ ಒಂದೂವರೆ ಕಿಲೊ ರಾಗಿ ತಿನ್ನಿಸಬೇಕು. ಮನೆ ಅಡುಗೆಯೇ ಆಗಬೇಕೆನ್ನುವವರು ಪಶು ಆಹಾರ ತಜ್ಞರಿಂದ ಗ್ರಾಮಿನ ಲೆಕ್ಕದಲ್ಲಿ ಬರೆಸಿಕೊಳ್ಳಿ. ದೊಡ್ಡ ತಳಿಗೆ ಮೊದಲ ಒಂದೂವರೆ ವರ್ಷ ಆ ಸಾಹಸ ಬೇಡ ಎಂಬುದು ನನ್ನ ಅಭಿಪ್ರಾಯ. ಅರ್ಧ ಡ್ರೈ ಫುಡ್, ಅರ್ಧ ಅನ್ನ ಎನ್ನುವ ನಮ್ಮ ಸಾಮಾನ್ಯ ಪದ್ಧತಿಯಂತೂ ಎರಡೂ ಲೆಕ್ಕಗಳನ್ನು ಕೆಡಿಸುತ್ತದೆ.

ಇನ್ನೊಬ್ಬರು ಮನುಷ್ಯರಿಗೆ ಕೊಡುವ 60,000 ಯೂನಿಟ್ಟಿನ ವಿಟಮಿನ್ ಡಿ ಪುಡಿಯನ್ನು ಹಾಲಿಗೆ ಹಾಕಿ ಎಂದಿದ್ದಾರೆ. ಆ ಸಲಹೆಯನ್ನು ಅವರು ಅಳಿಸಬೇಕೆಂದು ವಿನಂತಿ. ಅದು ಹೆಚ್ಚಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡ ಹಾಳಾಗುತ್ತದೆ. ಬೆಳಗಿನ ಬಿಸಿಲಿಗೆ ಕಟ್ಟಿ ಎಂಬುದರಿಂದ ಅಪಾಯವಿಲ್ಲ, ಉಪಯೋಗವೂ ಇಲ್ಲ, ಏಕೆಂದರೆ ನಾಯಿಯ ಚರ್ಮ ನಮ್ಮದರಂತೆ ಬಿಸಿಲಿನಿಂದ ಬೇಕಾದಷ್ಟು ವಿಟಮಿನ್ ಡಿ ತಯಾರಿಸುವುದಿಲ್ಲ. ಅದು ಆಹಾರದಿಂದಲೇ ಬರಬೇಕು, ಒಳ್ಳೆಯ ಪಪ್ಪಿ ಫುಡ್ಡಿನಲ್ಲಿ ಅದು ಇದ್ದೇ ಇರುತ್ತದೆ. ಪ್ರೋಟೀನ್ ಕಡಿಮೆ ಮಾಡಿ ಎಂಬ ಹಳೆಯ ಸಲಹೆಯೂ ಬೇಡ. ಮೂಳೆ ಕೆಡಿಸುವುದು ಪ್ರೋಟೀನ್ ಅಲ್ಲ, ಕ್ಯಾಲ್ಸಿಯಂ ಮತ್ತು ಅತಿಯಾದ ತೂಕ.

ತೂಕದ ವಿಷಯಕ್ಕೆ ಬಂದರೆ, 32 ಕಿಲೊ ಎಂದು ನೀವು ಹೆಮ್ಮೆಯಿಂದಲೇ ಬರೆದಿದ್ದೀರಿ. ನೀವು ಹಾಕಿದ ಫೋಟೊದಲ್ಲಿ ಮರಿಯ ಸೊಂಟವೇ ಕಾಣುತ್ತಿಲ್ಲ. ಆ ತುಪ್ಪದನ್ನ ನಿಲ್ಲಲಿ, ಒಂದು ದೊಡ್ಡ ಚಮಚ ತುಪ್ಪ ಎಂದರೆ ಸುಮಾರು 130 ಕ್ಯಾಲೊರಿ. ನನ್ನ ಈಗಿನ ಡೇನ್ ಗೌರಿ ನಾಲ್ಕು ತಿಂಗಳಿಗೆ 24 ಕಿಲೊ ಇದ್ದಳು, ಬಂದವರೆಲ್ಲ ಊಟ ಹಾಕುವುದಿಲ್ಲವೇ ಎಂದು ಕೇಳಿ ಹೋಗುತ್ತಿದ್ದರು. ಮುಧೋಳ ನಾಯಿಯ ಪಕ್ಕೆಲುಬು ಕಂಡರೆ ಯಾರೂ ತುಟಿ ಬಿಚ್ಚುವುದಿಲ್ಲ, ಡೇನ್ ಮರಿಯದು ಕಂಡರೆ ಮಾತ್ರ ಊರಿಗೆಲ್ಲ ಕರುಣೆ! ಅವಳು ಒಂದೂವರೆ ವರ್ಷಕ್ಕೆ 52 ಕಿಲೊ ಆದಳು, ನಾಲ್ಕೂ ಕಾಲು ಕಂಬದ ಹಾಗಿವೆ. ಕಡಿಮೆ ತಿಂದ ಮರಿ ಗಿಡ್ಡವಾಗಿ ಉಳಿಯುವುದಿಲ್ಲ, ತನ್ನ ಎತ್ತರಕ್ಕೆ ಸ್ವಲ್ಪ ನಿಧಾನವಾಗಿ ಹೋಗಿ ಸೇರುತ್ತದೆ. 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವವರೆಗೆ ಸಾಕಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜೊತೆಗಾರರಿಗಿಂತ ಶೇ. 25ರಷ್ಟು ಕಡಿಮೆ ಆಹಾರ ಪಡೆದ ನಾಯಿಗಳ ಮಧ್ಯಮ ಆಯಸ್ಸು 13 ವರ್ಷ, ಉಳಿದವುಗಳದು 11.2. ಸೊಂಟದ ಕೀಲಿನ ತೊಂದರೆಯೂ ಕಡಿಮೆ ತಿಂದವುಗಳಲ್ಲಿ ಕಡಿಮೆ.

ನಾನು ನಂಬಿರುವ ವಿಧಾನ ಒಂದೇ: ಪ್ರತಿ ಭಾನುವಾರ ತೂಕ, ಪ್ರತಿ ದಿನ ಪಕ್ಕೆಲುಬು. ಮರಿ ಚಿಕ್ಕದಿದ್ದಾಗ ಎತ್ತಿಕೊಂಡು ಮನೆಯ ತೂಕದ ಯಂತ್ರದ ಮೇಲೆ ನಿಂತು ನಿಮ್ಮ ತೂಕ ಕಳೆಯಿರಿ. ದೊಡ್ಡದಾದ ಮೇಲೆ ಗೌರಿಯನ್ನು ನಾನು ಅಡಿಕೆ ಮೂಟೆ ತೂಗುವ ಯಂತ್ರದ ಮೇಲೆ ನಿಲ್ಲಿಸುತ್ತಿದ್ದೆ, ನಾಲ್ಕೇ ವಾರಗಳಲ್ಲಿ ಅವಳೇ ಹತ್ತಿ ಕೂರುವುದನ್ನು ಕಲಿತಳು. ಪಕ್ಕೆಲುಬಿಗೆ ಅಳತೆ ನಿಮ್ಮ ಕೈಯಲ್ಲೇ ಇದೆ. ಕೈಯನ್ನು ಚಾಚಿ ಹಿಂಗೈ ಮೇಲೆ ಬೆರಳಾಡಿಸಿದಾಗ ಎಲುಬು ಸಿಗುವಂತೆ ಮರಿಯ ಪಕ್ಕೆ ಸಿಗಬೇಕು. ಮುಷ್ಟಿ ಕಟ್ಟಿದಾಗಿನ ಗೆಣ್ಣುಗಳಂತೆ ಚುಚ್ಚಿದರೆ ಬಡಕಲಾಗಿದೆ, ಅಂಗೈಯ ಮೆತ್ತೆಯಂತಿದ್ದರೆ ಕೊಬ್ಬಿದೆ. ಕೊಬ್ಬಿದ್ದರೆ ಊಟದಲ್ಲಿ ಹತ್ತನೆಯ ಒಂದು ಪಾಲು ಕಡಿಮೆ ಮಾಡಿ ಎರಡು ವಾರ ನೋಡಿ. ಊಟವನ್ನು ಅಡುಗೆ ಮನೆಯ ತಕ್ಕಡಿಯಲ್ಲಿ ತೂಗಬೇಕು, ಲೋಟದ ಅಳತೆ ದಿನಕ್ಕೊಂದು ತರಹ ಆಗುತ್ತದೆ.

ಬ್ರ್ಯಾಂಡಿನ ಬಗ್ಗೆ ಕೇಳುವವರಿಗೆ: ರಾಯಲ್ ಕ್ಯಾನಿನ್‌ನಲ್ಲಿ ಮ್ಯಾಕ್ಸಿ ಪಪ್ಪಿ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥವುಗಳಿಗೆ, ಡೇನ್ ಮತ್ತು ಸೇಂಟ್ ಬರ್ನಾರ್ಡ್‌ಗಳಿಗೆ ಜೈಂಟ್ ಪಪ್ಪಿ. ನಾನು ಗೌರಿಗೆ ಹಾಕಿದ್ದು ಎರಡನೆಯದನ್ನು. ಡ್ರೂಲ್ಸ್, ಫಾರ್ಮಿನಾಗಳಲ್ಲಿಯೂ ದೊಡ್ಡ ತಳಿಯ ಮರಿಗಳ ಆಹಾರವಿದೆ, ಬೆಲೆ ನೋಡಿ ಆರಿಸಿಕೊಳ್ಳಿ, ದುಬಾರಿಯದ್ದೇ ಆಗಬೇಕೆಂದಿಲ್ಲ. ನೋಡಬೇಕಾದದ್ದು ಕ್ಯಾಲ್ಸಿಯಂ ಎಷ್ಟು ಎಂಬ ಅಂಕಿ ಮತ್ತು ದೊಡ್ಡ ಗಾತ್ರದ ನಾಯಿಯ ಬೆಳವಣಿಗೆಗೆ ಎಂಬ ಸಾಲು. ತೆರೆದ ಮೂಟೆಯಿಂದ ಕಿಲೊ ಲೆಕ್ಕದಲ್ಲಿ ಲೂಸ್ ತರುವವರಿಗೆ ಮಾತ್ರ ನಾನು ಬೈಯಲೇಬೇಕು. ಅದರಲ್ಲಿ ಅಂಕಿಯೂ ಇಲ್ಲ, ತಾರೀಕೂ ಇಲ್ಲ, ನಮ್ಮ ತೀರ್ಥಹಳ್ಳಿ ಕಡೆಯ ಮಳೆಗಾಲದಲ್ಲಿ ಬೂಸ್ಟು ಹಿಡಿದಿದ್ದರೂ ಗೊತ್ತಾಗುವುದಿಲ್ಲ.

ಆರು ತಿಂಗಳವರೆಗೆ ದಿನಕ್ಕೆ ಮೂರು ಊಟ, ಆಮೇಲೆ ಎರಡು. ಡೇನ್‌ಗೆ ಒಂದೇ ಹೊತ್ತು ಹೊಟ್ಟೆ ಬಿರಿಯೆ ಹಾಕುವುದು ಎಂದೆಂದಿಗೂ ಬೇಡ, ಊಟವಾದ ಕೂಡಲೇ ಓಡಿಸುವುದೂ ಬೇಡ. ಹೊಟ್ಟೆ ಉಬ್ಬಿ, ವಾಂತಿಗೆ ಪ್ರಯತ್ನಿಸಿಯೂ ಏನೂ ಬಾರದಿದ್ದರೆ ಆ ಕ್ಷಣವೇ ಗಾಡಿ ಹತ್ತಿಸಿ, ಬೆಳಗಾಗಲಿ ಎನ್ನಬೇಡಿ. ನಿಮ್ಮ ಫೋಟೊದಲ್ಲಿ ಮರಿ ನಿಂತಿರುವುದು ಗ್ರಾನೈಟ್ ನೆಲದ ಮೇಲೆ ಎಂದು ಕಾಣುತ್ತದೆ. ಜಾರುವ ನೆಲದಲ್ಲಿ ಕಾಲು ಅಗಲಿಸಿ ನಿಲ್ಲುವುದೇ ಅಭ್ಯಾಸವಾಗುತ್ತದೆ, ಅದು ಓಡಾಡುವ ದಾರಿಗೆ ಗೋಣಿ ಹಾಸಿ, ಮಹಡಿ ಮೆಟ್ಟಿಲು ಹತ್ತಿಸಬೇಡಿ.

ಒಂದು ಎಚ್ಚರಿಕೆ ಉಳಿಯಿತು. ಡೇನ್ ಮರಿಯ ಮಣಿಕಟ್ಟು ಈ ವಯಸ್ಸಿನಲ್ಲಿ ಗಂಟಿನಂತೆ ದಪ್ಪ ಇರುವುದು ಸಹಜ, ಅಷ್ಟಕ್ಕೇ ಹೆದರಬೇಕಿಲ್ಲ. ಆದರೆ ಆ ಜಾಗ ಬಿಸಿಯಾಗಿದ್ದು, ಮುಟ್ಟಿದರೆ ಕಿರುಚುತ್ತಿದ್ದು, ಜ್ವರ ಬಂದು ಊಟ ಬಿಟ್ಟಿದ್ದರೆ ಅದು ಬೇರೆಯೇ ಕಾಯಿಲೆ, ಆಗ ವಾರದವರೆಗೆ ಕಾಯಬಾರದು. ಎಕ್ಸ್‌ರೇಯಲ್ಲಿ ನಿಜವಾಗಿಯೂ ರಿಕೆಟ್ಸ್ ಕಂಡು ವೈದ್ಯರೇ ಔಷಧ ಬರೆದರೆ ನನ್ನ ಮಾತನ್ನು ಬಿಟ್ಟು ಅವರ ಮಾತನ್ನು ಕೇಳಿ.

ಸಾಧ್ಯವಾದರೆ ಇನ್ನೂ ಮೂರು ಫೋಟೊ ಹಾಕಿ: ಮರಿ ಸಮ ನೆಲದ ಮೇಲೆ ತಾನಾಗಿ ನಿಂತಾಗ ಎದುರಿನಿಂದ ಒಂದು, ಬೆನ್ನು ಕಾಣುವಂತೆ ಮೇಲಿನಿಂದ ಒಂದು, ಆಹಾರದ ಚೀಲದ್ದು ಒಂದು. ಚೀಲದ ಮುಂದಿರುವ ನಾಯಿಯ ಚಿತ್ರವಲ್ಲ, ಹಿಂಭಾಗದ ಸಣ್ಣ ಅಕ್ಷರಗಳು.